ಮೈಕು ಯಾರ ಕೈಗೆ?

ಮೈಕು ಹಿಡಿದವನೇ ನಾಯಕನೇ?

1960ರ ಫೆಬ್ರವರಿ 1ರಂದು ಅಮೆರಿಕಾದ ಗ್ರೀನ್ಸ್‌ಬರೊದಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ಬಿಳಿಯರಿಗಷ್ಟೇ ಊಟ ಕೊಡುತ್ತಿದ್ದ ಕೌಂಟರಿನಲ್ಲಿ ಕೂತರು. ಊಟ ಕೊಡಲಿಲ್ಲ. ಇವರು ಏಳಲಿಲ್ಲ. ಕಿಚ್ಚು ಊರೂರಿಗೆ ಹಬ್ಬಿತು. ಏಪ್ರಿಲ್‌ನಲ್ಲಿ ಇಂಥ ಹುಡುಗ ಹುಡುಗಿಯರನ್ನು ರಾಲಿ ಪಟ್ಟಣದಲ್ಲಿ ಕೂಡಿಸಿದವರು ಎಲಾ ಬೇಕರ್. ಗುಲಾಮಗಿರಿ ಉಂಡ ಅಜ್ಜಿಯ ಮೊಮ್ಮಗಳು. ಆಗ ವಯಸ್ಸು 56. ದುಡಿಯುತ್ತಿದ್ದುದು ಮಾರ್ಟಿನ್ ಲೂಥರ್ ಕಿಂಗ್ ಅವರ ಸಂಘಟನೆಯಲ್ಲೇ. ಆದರೂ ವಿದ್ಯಾರ್ಥಿಗಳು ಅದರ ಬಾಲವಾಗಬಾರದು, ಅವರ ಹೋರಾಟ ಅವರ ಕೈಯಲ್ಲೇ ಇರಲಿ ಅಂತ ಗಟ್ಟಿಯಾಗಿ ನಿಂತರು.

ಹಾಗೆ ಹುಟ್ಟಿದ ವಿದ್ಯಾರ್ಥಿಗಳ ಅಹಿಂಸಾ ಸಮಿತಿ ಮಿಸಿಸಿಪಿಯ ಹಳ್ಳಿಗಳಿಗೆ ಹೋಯಿತು. ಅಲ್ಲಿ ಹತ್ತಿ ಬಿಡಿಸುತ್ತಿದ್ದ ಫ್ಯಾನಿ ಲೂ ಹೇಮರ್ 1962ರಲ್ಲಿ ವೋಟಿಗೆ ಹೆಸರು ಬರೆಸಲು ಹೋದರು. ದಣಿ ಅವತ್ತೇ ಹೊರಗೆ ಹಾಕಿದ. 1964ರಲ್ಲಿ ಆಕೆಯ ಮಾತನ್ನು ದೇಶವೇ ಟಿವಿಯಲ್ಲಿ ಕೇಳಿತು.

ಜನರ ಪಾಲಿನ ಮಾತನ್ನೂ ತಾನೇ ಆಡಿ ಮುಗಿಸುವ ನಾಯಕ ಹೋದ ದಿನ ಚಳವಳಿಯೂ ಮೂಕಾಗುತ್ತದೆ. ನಮಗೆ ಬೇಕಾದ್ದು ಬೇಕರ್ ಅವರಂಥ ನಾಯಕತ್ವ. ಹಾಸ್ಟೆಲಿನ ಮುಂದಿನ ಸಭೆಯಲ್ಲಿ ಹಿಂದೆ ಕೂತವರು ಮೊದಲು ಮಾತಾಡಲಿ. ಜಮಖಾನ ಹಾಸೋ ಕೆಲಸ ನಾಯಕರದಾಗಲಿ.