ಬಿಡಾರ ಕೀಳುವ ಮುನ್ನ ಜಮಾ-ಖರ್ಚು ಬರೆಯಿರಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಅವರ ಕಾಲಕ್ಕೆ ಬಡವನು ಹೆಂಡತಿ ಮಕ್ಕಳನ್ನೂ ಪಾತ್ರೆ ಪಡಗಗಳನ್ನೂ ಕಟ್ಟಿಕೊಂಡು ಇನ್ನೂರು ಮುನ್ನೂರು ಮೈಲು ಹೋಗುವ ಪ್ರಸಂಗ ಕಡಿಮೆ. ಇಂದು ಹೇಳುವದಾದರೆ ಬಿಡಾರ ಕಿತ್ತು ನೋಡು ಎಂಬ ಮೂರನೆಯ ಮಾತನ್ನೂ ಕೂಡಿಸಬೇಕಾದೀತು.

ಗೋಕಾಕ ಜಲಪಾತದ ನೀರಿನ ಬಲದಿಂದ 1887ರಲ್ಲಿ ನೂಲಿನ ಗಿರಣಿ ತಿರುಗಹತ್ತಿದಾಗ ಸುತ್ತಲಿನ ಹಳ್ಳಿಗಳ ಜನ ಊರು ಬಿಟ್ಟು ಗಿರಣಿಗೆ ಬಂದರು. ಇಂದು ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರೂ ತಾಲೂಕುಗಳಿಂದ ಜನ ಪುಣೆಗೆ ಇಲ್ಲವೆ ಬೆಂಗಳೂರಿಗೆ ಹೊರಡುತ್ತಾರೆ. ಹೋಗಬೇಡಿರಿ ಎಂದು ಹೇಳಲು ಈ ಲೇಖನ ಬರೆದಿಲ್ಲ. ದುಡಿಮೆ ಇದ್ದಲ್ಲಿಗೆ ದುಡಿಯುವವನು ಹೋಗಿಯೇ ಹೋಗುತ್ತಾನೆ. ಆದರೆ ಸಾಲದ ಹೊರೆಯನ್ನು ಲಾರಿಯಲ್ಲಿ ಹೇರಿಕೊಂಡು ಹೋಗುವದು ಬೇಡ. ಅದಕ್ಕಾಗಿ ಈ ನಾಲ್ಕು ಮಾತು.

ಮೊದಲು ಒಂದು ಹೋಲಿಕೆ ನೋಡಿರಿ. ಕೇಂದ್ರ ಸರಕಾರದ ನೌಕರನಿಗೆ ದೂರದ ಊರಿಗೆ ವರ್ಗವಾದರೆ ಅವನ ಬಿಡಾರದ ಖರ್ಚು ಖಜಾನೆಯದು. 7ನೆಯ ವೇತನ ಆಯೋಗದ ಬಳಿಕ 2017ರಲ್ಲಿ ಬಂದ ನಿಯಮದಂತೆ ಮೂಲ ಪಗಾರದ ನೂರಕ್ಕೆ 80 ಭಾಗ ಒಂದೇ ಗಂಟಿನಲ್ಲಿ ಸಿಗುತ್ತದೆ. ಆ ಪಟ್ಟಿಯ ಅತಿ ಕೆಳಗಿನ 18,000 ರೂಪಾಯಿ ಪಗಾರದವನಿಗೆ ಇದು 14,400 ರೂಪಾಯಿ ಆಗುತ್ತದೆ. ಮೇಲೆ ಕುಟುಂಬದ ಪ್ರಯಾಣದ ದರ, ಮತ್ತೆ 1,500 ಕಿಲೋ ಸಾಮಾನು ಸಾಗಿಸುವ ಖರ್ಚು. ಮೇಲಧಿಕಾರಿಗಾದರೆ 6,000 ಕಿಲೋ ತನಕ. ಇದು ತಪ್ಪೆಂದು ನಾವು ಹೇಳುವದಿಲ್ಲ. ಬಿಡಾರ ಬದಲಿಸುವದಕ್ಕೆ ಹಣ ಬೇಕು, ಅದು ಒಬ್ಬನ ಪಗಾರದೊಳಗೆ ಹುಟ್ಟುವಂಥದಲ್ಲ ಎಂದು ಸರಕಾರವೇ ಒಪ್ಪಿಕೊಂಡಂತಾಯಿತು. ಹಾಗಾದರೆ ಗಿರಣಿ ಕಾಮಗಾರನ ಹೊಟ್ಟೆಗೂ ಕಿರಾಣಿ ಅಂಗಡಿಯವನ ಹೊಟ್ಟೆಗೂ ಬೇರೆ ಲೆಕ್ಕವೇ?

ಈ ದೇಶದಲ್ಲಿ ಒಂದು ಕಾನೂನು ಇತ್ತು. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆ ಅದು. ಗುತ್ತೇದಾರನು ಬೇರೆ ರಾಜ್ಯಕ್ಕೆ ಕರೆದೊಯ್ದ ಕೂಲಿಗಾರನಿಗೆ ಹೋಗಿ ಬರುವ ದಾರಿ ಖರ್ಚು, ಮತ್ತೆ ತಿಂಗಳ ಪಗಾರದ ಅರ್ಧದಷ್ಟು ಸ್ಥಳಾಂತರ ಭತ್ಯೆ ಕೊಡಬೇಕೆಂದು ಅದರಲ್ಲಿ ಬರೆದಿತ್ತು. ಹುಕ್ಕೇರಿ ತಾಲೂಕಿನ ಸಂಕೇಶ್ವರದಿಂದ ಗಡಿ ದಾಟಿ ಹತ್ತಿರದ ಕೊಲ್ಲಾಪುರಕ್ಕೆ ಹೋದವನು ಈ ಕಾನೂನಿನ ಕಣ್ಣಿಗೆ ವಲಸೆಗಾರ. ಐದುನೂರು ಕಿಲೋಮೀಟರ್ ಮೀರಿ ಬೆಂಗಳೂರಿಗೆ ಹೋದ ಮೂಡಲಗಿಯವನು ವಲಸೆಗಾರನಲ್ಲ! ಗಡಿಯ ಕಲ್ಲು ಎಣಿಸಿದರೇ ಹೊರತು ನಡೆದ ದಾರಿ ಎಣಿಸಲಿಲ್ಲ. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಆ ಕಾಯಿದೆ ಮುಗಿಯಿತು. ಹೊಸದರಲ್ಲಿ ಊರಿಗೆ ಹೋಗಿ ಬರುವ ಪ್ರಯಾಣ ಭತ್ಯೆ ಉಳಿಯಿತು, ಅದೂ ಹತ್ತು ಮಂದಿ ಹೊರರಾಜ್ಯದ ಕೆಲಸಗಾರರಿದ್ದ ಕಾರಖಾನೆಗಳಲ್ಲಿ. ಅರ್ಧ ಪಗಾರದ ಸ್ಥಳಾಂತರ ಭತ್ಯೆ ಮಾತ್ರ ಮಾಯವಾಯಿತು. ಬೆಂಗಳೂರಿಗೆ ಹೋಗುವವನ ಪಾಡು ಮೊದಲಿನಂತೆಯೇ.

ಆದುದರಿಂದ ಇಂದು ನಮ್ಮ ಲೆಕ್ಕ ನಾವೇ ಬರೆಯಬೇಕು. ನಮ್ಮ ಜನ ಏನು ಮಾಡುತ್ತಾರೆ? ಲಾರಿಯವನನ್ನು ಬಾಡಿಗೆ ಎಷ್ಟೆಂದು ಕೇಳುತ್ತಾರೆ, ಅಷ್ಟು ಹಣ ಕೂಡಿದೊಡನೆ ಹೊರಟುಬಿಡುತ್ತಾರೆ. ಇಲ್ಲಿಯೇ ಮೋಸ. ಒಂದು ಉದಾಹರಣೆ ಹಾಕಿಕೊಳ್ಳೋಣ. ಅಂಕಿಗಳು ನಾವು ಹಿಡಿದುಕೊಂಡವು. ನಿಮ್ಮ ಅಂಕಿಗಳನ್ನು ನೀವು ಕೂಡಿಸಿಕೊಳ್ಳಿರಿ.

ನಾಲ್ಕು ಜನರ ಕುಟುಂಬ ಗೋಕಾಕದಿಂದ ಪುಣೆಗೆ ಹೊರಟಿದೆಯೆನ್ನಿ. ಅಲ್ಲಿ ಮನೆ ಬಾಡಿಗೆ 6,000. ಮೂರು ತಿಂಗಳ ಡಿಪಾಜಿಟ್ 18,000. ತಿಂಗಳು ತುಂಬಿ ಮುಂದಿನ ತಿಂಗಳ ಎಂಟೋ ಹತ್ತೋ ತಾರೀಖಿಗೆ ಪಗಾರ ಕೈಗೆ ಬರುವಷ್ಟರಲ್ಲಿ ಎರಡನೆಯ ಬಾಡಿಗೆಯ ದಿನವೂ ಬಂದಿರುತ್ತದೆ. ಆದ್ದರಿಂದ ಎರಡು ತಿಂಗಳ ಬಾಡಿಗೆ 12,000. ಸಣ್ಣ ಲಾರಿಗೆ 14,000. ಎರಡೂ ಕಡೆಯ ಹಮಾಲಿ 2,500. ಮನೆಯವರ ಪ್ರಯಾಣ 2,500. ಹೊಸ ಮನೆಯ ಬಲ್ಬು, ಬಕೀಟು, ಮಕ್ಕಳ ಪಾಟಿ ಪುಸ್ತಕ ಎಂದು 5,000. ಮೊದಲ ಪಗಾರದ ತನಕ ನಲವತ್ತು ದಿನ, ದಿನಕ್ಕೆ 350ರಂತೆ ಊಟ ಉಪಚಾರಕ್ಕೆ 14,000. ಒಟ್ಟು 68,000 ರೂಪಾಯಿ!

ಲಾರಿ ಬಾಡಿಗೆ ಇದರಲ್ಲಿ ಐದರಲ್ಲೊಂದು ಪಾಲು. ಉಳಿದ ನಾಲ್ಕು ಪಾಲನ್ನು ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಆ ನಾಲ್ಕು ಪಾಲಿಗಾಗಿ ಹೆಂಡತಿಯ ಕೊರಳಿನ ಗುಂಡು ಸಾಹುಕಾರನ ಪೆಟ್ಟಿಗೆ ಸೇರುತ್ತದೆ.

ಇನ್ನು ಲಾಭದ ಬದಿ ನೋಡೋಣ. ಇಲ್ಲಿ ಸ್ವಂತ ಮನೆಯಲ್ಲಿದ್ದು 13,000 ಗಳಿಸುವವನಿಗೆ ಅಲ್ಲಿ 20,000 ಸಿಕ್ಕಿತೆನ್ನಿ. ಏಳು ಸಾವಿರ ಹೆಚ್ಚೆಂದು ಹಿಗ್ಗುತ್ತಾನೆ. ಆರು ಸಾವಿರ ಮನೆಯ ಧಣಿಗೆ ಹೋಯಿತು, ಉಳಿದದ್ದು ಒಂದು ಸಾವಿರ. ಡಿಪಾಜಿಟ್ ತಿರುಗಿ ಬರುವ ಹಣವೆಂದು ಬಿಟ್ಟರೂ ಕರಗಿದ್ದು 50,000. ಅದು ತುಂಬಿ ಬರಲು ಐವತ್ತು ತಿಂಗಳು, ಅಂದರೆ ನಾಲ್ಕು ವರ್ಷದ ಮೇಲೆ! ಅದೇ ಮನೆಯಾಕೆಗೂ ಅಲ್ಲಿ 8,000ದ ಕೆಲಸ ಸಿಕ್ಕರೆ ಆರು ತಿಂಗಳೊಳಗೆ ತುಂಬುತ್ತದೆ. ಆಗ ಕೂಸನ್ನು ನೋಡುವವರಾರು, ಊರಲ್ಲಿದ್ದ ಅಜ್ಜಿಯನ್ನು ಕರೆದೊಯ್ಯುವದೇ ಎಂಬ ಪ್ರಶ್ನೆ ಬರುತ್ತದೆ. ಪಗಾರ ಎಷ್ಟು ಹೆಚ್ಚಿತು ಎಂದು ಕೇಳಬೇಡಿರಿ. ತಿಂಗಳ ಕೊನೆಗೆ ಶಿಲ್ಕು ಎಷ್ಟು ಉಳಿಯಿತು ಎಂದು ಕೇಳಿರಿ.

ಬೆಂಗಳೂರಿಗೆ ಹೋಗುವವರು ಡಿಪಾಜಿಟ್ಟಿನ ಅಂಕಿಯನ್ನು ಇನ್ನೂ ಎತ್ತರಿಸಬೇಕು. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ರೂಢಿ ಆ ಊರಿನದು. ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಕೇಳಬಾರದೆಂದು ಕೇಂದ್ರದ 2021ರ ಮಾದರಿ ಬಾಡಿಗೆ ಕಾಯಿದೆ ಹೇಳುತ್ತದೆ. ಆದರೆ ಅದು ಮಾದರಿ, ರಾಜ್ಯ ಒಪ್ಪಿಕೊಂಡಲ್ಲಿ ಮಾತ್ರ ನಡೆಯುವಂಥದು. ಪುಣೆಯಲ್ಲಾದರೆ ಬಾಡಿಗೆಯ ಕರಾರು ಬರಹದಲ್ಲಿರಬೇಕು, ನೋಂದಣಿಯಾಗಬೇಕು; ಮಹಾರಾಷ್ಟ್ರದ 1999ರ ಕಾಯಿದೆಯಂತೆ ಆ ಹೊಣೆ ಮನೆಯ ಧಣಿಯದು. ಬಾಯಿಮಾತಿಗೆ ಹಣ ಎಣಿಸಿ ಕೊಡಬೇಡಿರಿ.

ಖರ್ಚು ಇಳಿಸುವ ದಾರಿಗಳೂ ಉಂಟು. ಲಾರಿಯವನು ಬರಿದೇ ತಿರುಗಿ ಬರುವ ದಾರಿಯ ಬಾಡಿಗೆಯನ್ನೂ ನಿಮ್ಮ ಮೇಲೆಯೇ ಹಾಕುತ್ತಾನೆ. ಪುಣೆಯಿಂದ ಇತ್ತ ಮಾಲು ಇಳಿಸಿ ಬರಿದಾಗಿ ಹೊರಡುವ ಗಾಡಿ ಹುಡುಕಿದರೆ ಅದು ಉಳಿಯುತ್ತದೆ. ಎರಡು ಮನೆಯವರು ಕೂಡಿ ಒಂದು ಲಾರಿ ಮಾಡಬಹುದು. ಕಬ್ಬು ನುರಿಸುವ ಹಂಗಾಮಿನಲ್ಲಿ ಗಾಡಿಗಳಿಗೆ ಬೇಡಿಕೆ ಜಾಸ್ತಿ. ಮೇ ತಿಂಗಳು ಒಳ್ಳೆಯದು, ಮಕ್ಕಳ ವರ್ಷವೂ ಕೆಡುವದಿಲ್ಲ. ಹಳೆಯ ಮಂಚ, ಮುರಿದ ಕಪಾಟು ಹೇರಿಕೊಂಡು ಹೋಗಬೇಡಿರಿ. ಸಾಗಿಸುವ ಖರ್ಚು ಅದರ ಬೆಲೆಗಿಂತ ಹೆಚ್ಚಾದೀತು. ಒಬ್ಬರು ಮೊದಲು ಹೋಗಿ ಒಂದು ಪಗಾರ ಎಣಿಸಿದ ಮೇಲೆ ಮನೆಮಂದಿ ಹೋಗುವದು ಎಲ್ಲಕ್ಕಿಂತ ಮೇಲು.

ಗಿರಣಿ ಬಿಡುವವರು ಒಂದು ಮಾತನ್ನು ಮರೆಯಬಾರದು. ಹತ್ತು ಜನರಿಗೆ ಕಡಿಮೆಯಿಲ್ಲದ ಕಾರಖಾನೆಯಲ್ಲಿ ಐದು ವರ್ಷ ಸತತ ದುಡಿದವನು ತಾನಾಗಿ ರಾಜೀನಾಮೆ ಕೊಟ್ಟರೂ ಗ್ರಾಚ್ಯುಯಿಟಿ ಅವನ ಹಕ್ಕು, ಯಾರ ದಾನವೂ ಅಲ್ಲ. ಮೂಲ ಪಗಾರ ತುಟ್ಟಿಭತ್ಯೆ ಕೂಡಿ 13,000 ಇದ್ದರೆ ವರ್ಷಕ್ಕೆ 7,500ರಂತೆ, ಎಂಟು ವರ್ಷಕ್ಕೆ 60,000. ಮೇಲೆ ಬರೆದ 68,000ದ ಹತ್ತಿರ ಬಂತಲ್ಲವೇ? ಕೇಳದೆ ಹೋದವನು ಬಿಡಾರದ ಖರ್ಚನ್ನೇ ಧಣಿಗಳ ಕೈಯಲ್ಲಿ ಬಿಟ್ಟು ಹೋದಂತೆ. ಆದರೆ ಲಾರಿ ಬಾಡಿಗೆಗೆಂದು ಭವಿಷ್ಯ ನಿಧಿಯನ್ನು ಬರಿದು ಮಾಡಬೇಡಿರಿ. ಅದೇ ನಂಬರಿನ ಮೇಲೆ ಹೊಸ ಕಾರಖಾನೆಗೆ ವರ್ಗ ಮಾಡಿಸಿರಿ. ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು; ಎಂಟನೆಯ ವರ್ಷಕ್ಕೆ ಪಿಂಚಣಿಯ ಪಾಲನ್ನೂ ತೆಗೆದುಕೊಂಡವನು ಮತ್ತೆ ಒಂದರಿಂದ ಎಣಿಸಬೇಕಾಗುತ್ತದೆ.

ನಾನು ಶಾಲಾ ಮಾಸ್ತರನಾಗಿದ್ದವನು. ಮಕ್ಕಳ ಮಾತು ಬಿಡಲಾರೆ. ಶಾಲೆ ಬಿಟ್ಟ ದಾಖಲೆ ತಡವಾಯಿತೆಂದು ಮಗುವಿಗೆ ಪ್ರವೇಶ ನಿರಾಕರಿಸುವ ಅಧಿಕಾರ 8ನೆಯ ಇಯತ್ತೆಯ ತನಕ ಸರಕಾರಿ, ಅನುದಾನಿತ ಶಾಲೆಗಳಿಗಿಲ್ಲ. 2009ರ ಶಿಕ್ಷಣ ಹಕ್ಕಿನ ಕಾನೂನು ಹಾಗೆ ಹೇಳುತ್ತದೆ. ಆದರೂ ದಾಖಲೆ ಪಡೆದೇ ಹೊರಡಿರಿ. ಮೂಡಲಗಿಯವರು ಇನ್ನೊಂದು ನೋಡಿಕೊಳ್ಳಬೇಕು: ಹಳೆಯ ಕಾಗದಗಳಲ್ಲಿ ತಾಲೂಕು ಗೋಕಾಕ ಎಂದಿದ್ದು ಹೊಸದರಲ್ಲಿ ಮೂಡಲಗಿ ಎಂದಿದ್ದರೆ ಪರವೂರಿನ ಗುಮಾಸ್ತನು ಅದನ್ನೇ ತೊಡಕು ಮಾಡಿಯಾನು. ಪಡಿತರ ಚೀಟಿಯನ್ನು ಜೊತೆಗೆ ಒಯ್ಯಿರಿ. ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯ ಪಾಲಿನ ಧಾನ್ಯವನ್ನು ಬೇರೆ ರಾಜ್ಯದ ಅಂಗಡಿಯಲ್ಲಿಯೂ ಪಡೆಯಬಹುದು.

ಸಣ್ಣ ವ್ಯಾಪಾರಸ್ಥರೇ, ನಿಮಗೂ ಒಂದು ಮಾತು. ಬಳಸಿದ ಮನೆ ಸಾಮಾನಿಗೆ ದಾರಿಯಲ್ಲಿ ಇ-ವೇ ಬಿಲ್ ಬೇಕಿಲ್ಲ. ಅಂಗಡಿಯ ಮಾಲು ಹಾಗಲ್ಲ. ಎರಡನ್ನೂ ಒಂದೇ ಗಾಡಿಯಲ್ಲಿ ಕಲಸಿ ಹೇರಿ ನಾಕಾದಲ್ಲಿ ನಿಲ್ಲಬೇಡಿರಿ. ಜಿಎಸ್‌ಟಿ ನೋಂದಣಿ ರಾಜ್ಯಕ್ಕೊಂದು, ಪುಣೆಯಲ್ಲಿ ಅಂಗಡಿ ತೆರೆದರೆ ಹೊಸದು ಬೇಕು. ಊರಿನ ಉದ್ರಿ ವಸೂಲಾಗದೆ ಗಂಟು ಕಟ್ಟಬೇಡಿರಿ. ಕಣ್ಣಿಗೆ ಮರೆಯಾದವನ ಬಾಕಿಯನ್ನು ಯಾರೂ ಮನೆ ಹುಡುಕಿ ಕೊಡುವದಿಲ್ಲ.

ಕೊನೆಯದಾಗಿ, ಯಾರೂ ಬರೆಯದ ಒಂದು ಖರ್ಚು ತಿರುಗಿ ಬರುವ ಖರ್ಚು. 1982ರ ಜನವರಿ 18ರಂದು ಮುಂಬಯಿಯ ಸುಮಾರು ಎರಡೂವರೆ ಲಕ್ಷ ಗಿರಣಿ ಕಾಮಗಾರರು ಮುಷ್ಕರ ಹೂಡಿದರು. ಗಿರಣಿಗಳು ಮತ್ತೆ ಮೊದಲಿನಂತೆ ತಿರುಗಲಿಲ್ಲ. ಎಷ್ಟೋ ಜನ ಬರಿಗೈಯಲ್ಲಿ ಹಳ್ಳಿ ಸೇರಿದರು. 2020ರ ಮಾರ್ಚಿನಲ್ಲಿ ದೇಶಕ್ಕೆ ಬೀಗ ಬಿದ್ದಾಗ ಕೂಲಿಗಾರರು ಹೆದ್ದಾರಿಯಲ್ಲಿ ಕಾಲ್ನಡಿಗೆಯಿಂದ ಹೊರಟರು. ಅದೇ ಮೇ ತಿಂಗಳಲ್ಲಿ ಕಟ್ಟಡದ ಧಣಿಗಳೊಡನೆ ಮಾತಾಡಿದ ಮೇಲೆ ನಮ್ಮ ರಾಜ್ಯದ ಸರಕಾರ ಶ್ರಮಿಕ ರೈಲುಗಳನ್ನು ನಿಲ್ಲಿಸಹೊರಟಿತು. ಜನ ಛೀ ಎಂದ ಬಳಿಕ ಹಿಂತೆಗೆಯಿತು. ಆದುದರಿಂದ ಮೇಲಿನ ಲೆಕ್ಕಕ್ಕೆ ತಿರುಗಿ ಬರುವ ಲಾರಿ ಮತ್ತು ಪ್ರಯಾಣದ 16,500 ಕೂಡಿಸಿ 84,500 ಎಂದು ಬರೆಯಿರಿ. ಆ ಕೊನೆಯ ಗಂಟನ್ನು ಬೇರೆ ಖಾತೆಯಲ್ಲಿಟ್ಟು ಮುಟ್ಟಬೇಡಿರಿ. ಊರಿಗೆ ತಿರುಗುವ ಹಣ ಕೈಯಲ್ಲಿದ್ದವನು ಮುಕಾದಮನ ಎದುರು ತಲೆ ಎತ್ತಿ ಮಾತಾಡುತ್ತಾನೆ.

ಆದರೆ ಇಷ್ಟು ಹಣ ಬಡವನು ಎಲ್ಲಿಂದ ತರಬೇಕು? ಈ ಪ್ರಶ್ನೆಯನ್ನು ಅವನೊಬ್ಬನ ಮೇಲೆ ಬಿಡುವದು ನ್ಯಾಯವಲ್ಲ. ನಮ್ಮ ಬೇಡಿಕೆ ಮೂರು. ಕಳೆದುಹೋದ ಅರ್ಧ ಪಗಾರದ ಸ್ಥಳಾಂತರ ಭತ್ಯೆ ಮತ್ತೆ ಬರಬೇಕು, ಮತ್ತು ರಾಜ್ಯದೊಳಗೇ ದೂರ ಹೋಗುವವನಿಗೂ ಅದು ಸಿಗಬೇಕು. ವಾಸದ ಮನೆಯ ಮುಂಗಡ ಎರಡು ತಿಂಗಳು ಮೀರಬಾರದೆಂದು ನಮ್ಮ ರಾಜ್ಯವೂ ಕಟ್ಟುನಿಟ್ಟು ಮಾಡಬೇಕು. ನಮ್ಮ ಪತ್ತಿನ ಸಂಘಗಳು ಮದುವೆಗೆ ಸಾಲ ಕೊಡುವಂತೆ ಬಿಡಾರಕ್ಕೂ ಕಡಿಮೆ ಬಡ್ಡಿಯ ಸಾಲ ಕೊಡಬೇಕು. ಇವು ಆಗುವ ತನಕ, ಬಂಧುಗಳೇ, ಲಾರಿಯವನನ್ನು ಕರೆಯುವ ಮೊದಲು ಒಂದು ಹಾಳೆ, ಒಂದು ಸೀಸಕಡ್ಡಿ ಹಿಡಿದು ಮನೆಯಾಕೆಯೊಡನೆ ಕುಳಿತುಕೊಳ್ಳಿರಿ. ಶಿಲ್ಕು ಕಂಡರೆ ಧೈರ್ಯವಾಗಿ ಹೊರಡಿರಿ. ಕಾಣದಿದ್ದರೆ ಇನ್ನಾರು ತಿಂಗಳು ತಾಳಿರಿ.