ಚಿನ್ನಕ್ಕೆ ಹಾಲ್‌ಮಾರ್ಕ್ ಇದೆ, ಕೈಕೆಲಸಕ್ಕೆ?

ಅಜ್ಜಿಯ ಮೂಗುಬೊಟ್ಟಿನ ವಜ್ರ ಹಿಡಿದುಕೊಂಡು ಶಿವಮೊಗ್ಗದ ಗಾಂಧಿ ಬಜಾರ್ ಸುತ್ತಿದೆ. ಆ ಒಂಟಿ ಕಲ್ಲಿನಲ್ಲಿ ನಿಶ್ಚಿತಾರ್ಥದ ಉಂಗುರ ಮಾಡಿಸಬೇಕಿತ್ತು. ದೊಡ್ಡ ಅಂಗಡಿಯೊಂದರಲ್ಲಿ ಲೆನ್ಸ್ ಹಿಡಿದು ನೋಡಿ, "ಹಳೇ ಕಟಿಂಗು ಸರ್, ನಮ್ಮ ಡಿಸೈನಿಗೆ ಕೂರಲ್ಲ. ಇದನ್ನ ಕೊಟ್ಟು ಹೊಸದು ತಗೊಳ್ಳಿ" ಅಂದರು.

ಅವರು ಹೇಳಿದ್ದು ಸುಳ್ಳಲ್ಲ. ಈಗಿನ ದುಂಡು ವಜ್ರದ ಅಳತೆಗೆ ಬುನಾದಿ ಹಾಕಿದ್ದು 1919ರಲ್ಲಿ ಮಾರ್ಸೆಲ್ ಟೊಲ್ಕೋವ್ಸ್ಕಿ ಪ್ರಕಟಿಸಿದ ಲೆಕ್ಕಾಚಾರ. ಅದಕ್ಕೂ ಹಿಂದಿನ 'ಓಲ್ಡ್ ಮೈನ್ ಕಟ್' ಕಲ್ಲುಗಳನ್ನು ಕೈಯಲ್ಲೇ ಸಾಣೆ ಹಿಡಿಯುತ್ತಿದ್ದರು. ಅಂಚು ಪೂರ್ತಿ ದುಂಡಗಿರಲ್ಲ, ಮೇಲ್ಭಾಗ ಎತ್ತರ, ತಳ ಆಳ. ಒಂದರಂತೆ ಇನ್ನೊಂದಿರಲ್ಲ. ಹಾಗಾಗಿ ಉಂಗುರಕ್ಕೆ ಕಲ್ಲು ಹುಡುಕೋದಲ್ಲ, ಕಲ್ಲಿನ ಸುತ್ತ ಉಂಗುರ ಕಟ್ಟಬೇಕು.

ಕಟ್ಟುವ ಕೈ ಸಿಕ್ಕಿದ್ದು ಭದ್ರಾವತಿಯಲ್ಲಿ. ತಾತ ಕಬ್ಬಿಣದ ಕಾರ್ಖಾನೆಯ ಬೋನಸ್ ದುಡ್ಡಿನಲ್ಲಿ ಈ ಹಳೇ ಕಲ್ಲು ಕೊಂಡು ಅಜ್ಜಿಗೆ ಮೂಗುಬೊಟ್ಟು ಮಾಡಿಸಿದ್ದರು. ಮಾಡಿಕೊಟ್ಟವರ ಮಗ, ಈಗಿನ ಆಚಾರ್ರು, ಮೂರು ದಿನ ಕೂತರು. ಬೆಳಕು ಬರಲಿ ಅಂತ ಹಿಂಬದಿ ತೆರೆದಿಟ್ಟು, ಕಲ್ಲಿನ ಸೊಟ್ಟ ಅಂಚಿಗೆ ಸರಿಯಾಗಿ ಚಿನ್ನದ ತಗಡು ಬಗ್ಗಿಸಿದರು. "ಅಂಚು ತೆಳು ಇದೆ ನೋಡಪ್ಪಾ, ಜೋರಾಗಿ ಒತ್ತಿದ್ರೆ ಚಕ್ಕೆ ಏಳುತ್ತೆ" ಅಂದರು. ಇದು ಅವರ ಮನೆಯಲ್ಲಿ ಕೊನೆಯ ತಲೆಮಾರು. ಮಗ ಬೆಂಗಳೂರಿನ ಗೋದಾಮೊಂದರಲ್ಲಿ ಕೆಲಸಕ್ಕಿದ್ದಾನೆ.

ಅಕ್ಕಸಾಲಿಗರಿಗೆ ಸರ್ಕಾರದ ಪೆಟ್ಟು ಹೊಸದಲ್ಲ. 1963ರಲ್ಲಿ ಮೊರಾರ್ಜಿ ದೇಸಾಯಿ 14 ಕ್ಯಾರೆಟ್‌ಗಿಂತ ಹೆಚ್ಚಿನ ಶುದ್ಧತೆಯ ಆಭರಣ ಮಾಡಬಾರದೆಂದಾಗ ದೇಶದಾದ್ಯಂತ ಲಕ್ಷಾಂತರ ಜನರ ಒಲೆ ಆರಿತ್ತು. ಚಿನ್ನ ನಿಯಂತ್ರಣ ಕಾಯ್ದೆ ರದ್ದಾಗಿದ್ದು 1990ರಲ್ಲಿ. ಈಗಿನ ಪೆಟ್ಟು ನಿಷೇಧದ್ದಲ್ಲ, ಮಾರುಕಟ್ಟೆಯದು. 2023ರ ಏಪ್ರಿಲ್‌ನಿಂದ ಆಭರಣ ಮಾರಲು ಆರಂಕಿಯ ಎಚ್‌ಯುಐಡಿ ಕಡ್ಡಾಯ. ಗಿರಾಕಿಗೆ ಮೋಸ ಆಗದಿರಲು ಇದು ಬೇಕಾದದ್ದೇ. ವರ್ಷಕ್ಕೆ 40 ಲಕ್ಷದೊಳಗಿನ ವಹಿವಾಟಿಗೆ ವಿನಾಯಿತಿಯೂ ಇದೆ. ಆದರೆ ಗಿರಾಕಿ ಮೊದಲು ಕೇಳೋದೇ ಆ ನಂಬರು. ಅದಿಲ್ಲದ ಸಣ್ಣ ಅಂಗಡಿಯ ಮೇಲೆ ಅನುಮಾನ ಶುರುವಾಗುತ್ತೆ.

ಪರಿಹಾರ ಅಂತ 2023ರ ಸೆಪ್ಟೆಂಬರ್ 17ರಂದು ಪಿಎಂ ವಿಶ್ವಕರ್ಮ ಯೋಜನೆ ಬಂತು. 18 ಕಸುಬುಗಳ ಪಟ್ಟಿಯಲ್ಲಿ ಅಕ್ಕಸಾಲಿಗರೂ ಇದ್ದಾರೆ. ಸಲಕರಣೆಗೆ 15,000 ರೂಪಾಯಿ, ಶೇ. 5ರ ಬಡ್ಡಿಗೆ ಮೊದಲು 1 ಲಕ್ಷ, ಆಮೇಲೆ 2 ಲಕ್ಷ ಸಾಲ. 2025ರಲ್ಲಿ 10 ಗ್ರಾಂ ಚಿನ್ನವೇ 1 ಲಕ್ಷ ದಾಟಿತು. ಅಂದರೆ ಮೊದಲ ಕಂತಿನ ಸಾಲಕ್ಕೆ ಒಂದು ಸಾದಾ ಸರದ ಚಿನ್ನವೂ ಬರಲ್ಲ. ಆಚಾರ್ರ ಹತ್ತಿರ ಇಕ್ಕಳ, ಸುತ್ತಿಗೆ ಇವೆ. ಇಲ್ಲದಿರೋದು ಚಿನ್ನದ ಬಂಡವಾಳ ಮತ್ತು ಗಿರಾಕಿ.

ಗಿರಾಕಿ ಎಲ್ಲಿ ಹೋದರು? ಭದ್ರಾವತಿಯಲ್ಲಿ ಈ ಪ್ರಶ್ನೆಗೆ ಉತ್ತರ ಕಣ್ಣೆದುರೇ ಇದೆ. ಎಂಪಿಎಂ ಯಂತ್ರಗಳು ನಿಂತು ವರ್ಷಗಳಾದವು. 1923ರಲ್ಲಿ ಶುರುವಾದ ವಿಐಎಸ್‌ಎಲ್ ಅನ್ನು ಮುಚ್ಚಲು ಸೈಲ್ 2023ರ ಜನವರಿಯಲ್ಲಿ ನಿರ್ಧರಿಸಿತು. ಆಮೇಲೆ ಪುನಶ್ಚೇತನದ ಮಾತುಗಳು ಬಂದವು. ಮಾತಿಗೆ ಬೋನಸ್ ಬರಲ್ಲ, ಬೋನಸ್ ಇಲ್ಲದೆ ಮೂಗುಬೊಟ್ಟು ಮಾಡಿಸೋರು ಯಾರು? ಕಾರ್ಖಾನೆ ಮುಚ್ಚಿದಾಗ ಕಾರ್ಮಿಕರ ಲೆಕ್ಕ ಸಿಗುತ್ತೆ. ಅವರನ್ನು ನಂಬಿದ್ದ ದರ್ಜಿ, ಅಕ್ಕಸಾಲಿಗರ ಲೆಕ್ಕ ಯಾರೂ ಇಡಲ್ಲ.

ಇನ್ನೊಂದು ಅನ್ಯಾಯ ಬಿಲ್ಲಿನಲ್ಲೇ ಇದೆ. ಮೇಕಿಂಗ್ ಚಾರ್ಜನ್ನು ಸಾಮಾನ್ಯವಾಗಿ ಚಿನ್ನದ ಬೆಲೆಯ ಮೇಲೆ ಶೇಕಡಾವಾರು ಹಾಕ್ತಾರೆ. ಯಂತ್ರ ಮಾಡಿದ ಭಾರದ ಸರಕ್ಕೆ ಹೆಚ್ಚು, ಮೂರು ದಿನ ಕೂತು ಮಾಡಿದ ಹಗುರ ಉಂಗುರಕ್ಕೆ ಕಡಿಮೆ. ಅಂದರೆ ಬೆಲೆ ತೂಕಕ್ಕೆ, ಶ್ರಮಕ್ಕಲ್ಲ.

ವಿಶ್ವಕರ್ಮರ ಹೆಸರಲ್ಲಿ ಮತ ಕೇಳುವವರು ಕೊಡಬೇಕಾದ್ದು ಸಲಕರಣೆಯ ಪೆಟ್ಟಿಗೆಯಲ್ಲ. ಸಹಕಾರ ಸಂಘಗಳ ಮೂಲಕ ಕೆಲಸಕ್ಕೆ ಚಿನ್ನ ಎರವಲು ಸಿಗಲಿ, ಕೈಕೆಲಸಕ್ಕೆ ದಿನದ ಲೆಕ್ಕದ ಕನಿಷ್ಠ ದರ ಇರಲಿ. ಅಲ್ಲಿವರೆಗೆ ನಾವು ಮಾಡಬಹುದಾದ್ದೂ ಇದೆ. ಆಚಾರ್ರು ಗ್ರಾಂ ಲೆಕ್ಕದಲ್ಲೇ ಕೂಲಿ ಕೇಳಿದರು. ನಾನು ಮೂರು ದಿನದ ಲೆಕ್ಕ ಹಾಕಿ ಕೊಟ್ಟೆ. "ಹಂಗೆಲ್ಲ ತಗೊಂಡು ಅಭ್ಯಾಸ ಇಲ್ಲ" ಅಂತ ಸುಮಾರು ಹೊತ್ತು ಒಪ್ಪಲೇ ಇಲ್ಲ.