ಮುಂಗಡ ಕೊಟ್ಟವನು ಆಳನ್ನು ಕೊಂಡವನಲ್ಲ

"ಮುಂಗಡ ತಿಂದಿದ್ದಾನೆ, ದುಡಿಯದೆ ಎಲ್ಲಿಗೆ ಹೋಗುತ್ತಾನೆ?"

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಸೀಮೆಯ ಯಾವ ಅರಳಿಕಟ್ಟೆಯಲ್ಲಿ ಕುಳಿತರೂ ಈ ಮಾತು ವರ್ಷಕ್ಕೆ ಹತ್ತು ಸಲ ಕಿವಿಗೆ ಬೀಳುತ್ತದೆ. ಆಡುವವರೆಲ್ಲ ದುಷ್ಟರೇನೂ ಅಲ್ಲ. ಊರಿನ ಹಿರಿಯರು, ಪಂಚಾಯಿತಿ ಸದಸ್ಯರು, ಒಮ್ಮೊಮ್ಮೆ ಕೂಲಿ ಮಾಡುವವರೂ ಇದನ್ನೇ ಹೇಳುತ್ತಾರೆ. ಹಣ ಪಡೆದವನು ಮಾತು ಉಳಿಸಿಕೊಳ್ಳಬೇಕು, ಉಂಡ ಋಣ ತೀರಿಸಬೇಕು ಎಂಬುದು ನಮ್ಮ ಜನರ ನಂಬಿಕೆ. ಆ ನಂಬಿಕೆ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಆದರೆ ಅದರ ಬೆನ್ನ ಹಿಂದೆ ಅವಿತುಕೊಂಡು ಇನ್ನೊಂದು ವಿಚಾರ ಒಳಗೆ ನುಗ್ಗಿದೆ. ಹಣ ಕೊಟ್ಟವನಿಗೆ ಹಣದ ಮೇಲೆ ಮಾತ್ರವಲ್ಲ, ಪಡೆದವನ ಮೈಮೇಲೆಯೂ ಹಕ್ಕು ಬರುತ್ತದೆ ಎಂಬುದೇ ಆ ವಿಚಾರ. ಈ ಎರಡನ್ನೂ ಬಿಡಿಸಿ ನೋಡುವುದು ಇಂದು ಅಗತ್ಯವಾಗಿದೆ.

ಈ ನಾಲ್ಕು ತಾಲ್ಲೂಕುಗಳಲ್ಲಿ ಮುಂಗಡವಿಲ್ಲದೆ ಕೆಲಸವೇ ನಡೆಯುವುದಿಲ್ಲ ಎನ್ನುವಂತಾಗಿದೆ. ಪಿರಿಯಾಪಟ್ಟಣ, ಹುಣಸೂರುಗಳ ಹೊಗೆಸೊಪ್ಪಿನ ಬೇಸಾಯಗಾರನು ಸೊಪ್ಪು ಮುರಿಯುವ, ಕಡ್ಡಿಗೆ ಕಟ್ಟುವ, ಬ್ಯಾರನ್ನಿಗೆ ಬೆಂಕಿ ಹಾಕುವ ಕಾಲಕ್ಕೆ ಆಳು ಸಿಗದೆಂದು ಹೆದರಿ ಮೊದಲೇ ಹಣ ಕೊಟ್ಟಿಡುತ್ತಾನೆ. ಕೃಷ್ಣರಾಜನಗರದ ನಾಲಾ ಬಯಲಿನಲ್ಲಿ ನಾಟಿಯ ಗುಂಪಿಗೆ ಎಕರೆ ಲೆಕ್ಕದಲ್ಲಿ ಗುತ್ತಿಗೆ ಕೊಡುತ್ತಾರೆ. ಕೋಟೆಯ ಕಾಡಂಚಿನ ಹಾಡಿಗಳಿಂದ ಜೇನುಕುರುಬ, ಬೆಟ್ಟಕುರುಬ, ಯರವ ಸಂಸಾರಗಳು ಕೊಡಗಿನ ಕಾಫಿ ತೋಟಗಳಿಗೋ ಬಾವಲಿ ದಾಟಿ ವಯನಾಡಿಗೋ ಹೋಗುತ್ತವೆ. ಮೇಸ್ತ್ರಿಯು ಹಾಡಿಗೆ ಬಂದು ಹಬ್ಬದ ಮುಂದೆಯೋ ಕಾಯಿಲೆಯ ನಡುವೆಯೋ ಕೈಗೆ ಕಾಸು ಇಟ್ಟು ಹೋಗುತ್ತಾನೆ. ಕೊಟ್ಟದ್ದು ಎಷ್ಟು ಎಂಬುದು ಅವನ ಪುಸ್ತಕದಲ್ಲಿದೆ. ಆ ಪುಸ್ತಕವನ್ನು ಓದಬಲ್ಲವರು ಹಾಡಿಯಲ್ಲಿ ಎಷ್ಟು ಮಂದಿ?

ಕೂಲಿಯವನು ನಡುವೆ ಬಿಟ್ಟು ಬಂದನೆಂದಿಟ್ಟುಕೊಳ್ಳೋಣ. ಮೈಗೆ ಹುಷಾರಿಲ್ಲವೋ, ಮಗುವಿಗೆ ಜ್ವರವೋ, ಪಕ್ಕದ ತೋಟದಲ್ಲಿ ಹೆಚ್ಚು ಕೂಲಿಯೋ, ಕಾರಣ ಏನಾದರೂ ಇರಲಿ. ಮೇಸ್ತ್ರಿ ಜೀಪು ತಂದು ಕರೆದೊಯ್ಯುತ್ತಾನೆ. ಇಲ್ಲವೇ ಆಧಾರ್ ಕಾರ್ಡು, ಪಡಿತರ ಚೀಟಿ ಹಿಡಿದಿಟ್ಟುಕೊಳ್ಳುತ್ತಾನೆ. ಇಲ್ಲವೇ ಪೊಲೀಸು ಠಾಣೆಯಲ್ಲಿ "ಮೋಸ ಮಾಡಿದ್ದಾನೆ" ಎಂದು ಅರ್ಜಿ ಕೊಡುತ್ತಾನೆ. ಠಾಣೆಯಲ್ಲಿ ರಾಜಿಯಾಗುತ್ತದೆ. ರಾಜಿಯೆಂದರೆ ಮತ್ತೇನಲ್ಲ, ಕೂಲಿಯವನು ನಾಳೆಯಿಂದ ಕೆಲಸಕ್ಕೆ ಹೋಗುವುದು.

ಈ ಪದ್ಧತಿ ಆಕಾಶದಿಂದ ಇಳಿದದ್ದಲ್ಲ. ಇದಕ್ಕೊಂದು ಕಾನೂನಿನ ಚರಿತ್ರೆಯೇ ಉಂಟು. ಬ್ರಿಟಿಷರ ಸರ್ಕಾರ 1859ರಲ್ಲಿ ಒಂದು ಕಾಯಿದೆ ಮಾಡಿತು. ಮುಂಗಡ ಪಡೆದ ಕೂಲಿಕಾರ ಅಥವಾ ಕಸಬುದಾರನು ಕೆಲಸ ಬಿಟ್ಟರೆ ಮ್ಯಾಜಿಸ್ಟ್ರೇಟನು ಅವನನ್ನು ಹಿಡಿತರಿಸಿ, ಹಣ ಹಿಂದಿರುಗಿಸು ಅಥವಾ ಕೆಲಸ ಮುಗಿಸು ಎಂದು ಆಜ್ಞೆ ಮಾಡಬಹುದಾಗಿತ್ತು. ಆಜ್ಞೆ ಮೀರಿದರೆ ಮೂರು ತಿಂಗಳ ಸಜೆ. ಒಡೆಯನು ಮಾತು ತಪ್ಪಿದರೆ ಅವನಿಗೆ ಸಜೆಯೆಂಬುದು ಆ ಕಾಯಿದೆಯಲ್ಲಿ ಇರಲಿಲ್ಲ. ಒಂದೇ ಒಪ್ಪಂದ, ಮುರಿದವನು ಬಡವನಾದರೆ ಜೈಲು, ಉಳ್ಳವನಾದರೆ ಸಿವಿಲ್ ದಾವೆ! ಈ ಕಾಯಿದೆಯನ್ನು ರದ್ದುಮಾಡಲು 1925ರಲ್ಲಿ ಶಾಸನವಾಯಿತು. ಆಗಲೂ ಕೊಡಗಿನ ತೋಟಗಳಿಗಾಗಿ 1926ರಲ್ಲಿ ಬೇರೆಯೇ ಒಂದು ಕಾನೂನು ಬಂದು ಹಳೆಯ ಸಜೆಯನ್ನು ಕೆಲಕಾಲ ಮುಂದುವರಿಸಿತು. ಆ ಕಾನೂನುಗಳು ಹೋದುವು. ಆದರೆ ನಮ್ಮ ಠಾಣೆಗಳ ರಾಜಿ ಪಂಚಾಯಿತಿಯನ್ನು ನೋಡಿದರೆ 1859ರ ಕಾಯಿದೆ ಇನ್ನೂ ಗೋಡೆಯ ಮೇಲೆ ತೂಗುಹಾಕಿದೆಯೇನೋ ಎಂಬ ಅನುಮಾನ ಬರುತ್ತದೆ.

ಹಾಗಾದರೆ ಈಗಿನ ಕಾನೂನು ಏನು ಹೇಳುತ್ತದೆ? 1872ರ ಕರಾರು ಕಾಯಿದೆಯಿಂದಲೇ ಹೊರಡೋಣ. ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ. ಮುಂಗಡ ಪಡೆದವನು ಕೆಲಸ ಮಾಡದಿದ್ದರೆ ಕೊಟ್ಟವನು ಉಳಿದ ಹಣಕ್ಕೆ, ನಿಜವಾಗಿ ಆದ ನಷ್ಟಕ್ಕೆ ದಾವೆ ಹಾಕಬಹುದು. ಅದು ನ್ಯಾಯವೇ. ಆದರೆ "ಇವನು ಬಂದು ನನ್ನ ಗದ್ದೆಯಲ್ಲೇ ದುಡಿಯಬೇಕು" ಎಂದು ಒಬ್ಬನ ಕೈಕಾಲುಗಳ ಮೇಲೆ ಡಿಕ್ರಿ ಕೊಡುವ ನ್ಯಾಯಾಲಯ ಈ ದೇಶದಲ್ಲಿಲ್ಲ. ಕೆಲಸಕ್ಕೆ ಬಾರದಿರುವುದು ಅಪರಾಧವೂ ಅಲ್ಲ. ಪಡೆಯುವಾಗಲೇ ವಂಚಿಸುವ ಉದ್ದೇಶವಿತ್ತೆಂದು ತೋರಿಸಿದರೆ ಮಾತು ಬೇರೆ. ಬರಿದೇ ಕೆಲಸ ಬಿಟ್ಟನೆಂಬ ಕಾರಣಕ್ಕೆ ಪೊಲೀಸರಿಗೆ ಅಲ್ಲಿ ಕೆಲಸವಿಲ್ಲ. ಬದಲಾಗಿ, ಇಷ್ಟವಿಲ್ಲದವನಿಂದ ಬಲವಂತವಾಗಿ ದುಡಿಸುವುದು ಅಪರಾಧ. ಹಳೆಯ ದಂಡ ಸಂಹಿತೆಯಲ್ಲಿ ಅದು 374ನೆಯ ಕಲಮು. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 146ನೆಯದು. ಠಾಣೆಗೆ ಅರ್ಜಿ ಹಿಡಿದು ಹೋದ ಮೇಸ್ತ್ರಿಯೇ ಅನೇಕ ವೇಳೆ ಆಪಾದಿತನ ಜಾಗದಲ್ಲಿ ನಿಲ್ಲಬೇಕಾದವನು.

ಅಪ್ಪನ ಸಾಲಕ್ಕೆ ಮಗ ದುಡಿಯುವ ವಿಚಾರಕ್ಕೆ ಬರೋಣ. ಕರಾರು ಕಾಯಿದೆಯ 37ನೆಯ ಕಲಮಿನ ಕೆಳಗೆ ಒಂದು ದೃಷ್ಟಾಂತವಿದೆ. ಒಬ್ಬ ಚಿತ್ರಗಾರನು ಇಂಥ ದಿನದೊಳಗೆ ಚಿತ್ರ ಬರೆದುಕೊಡುವುದಾಗಿ ಒಪ್ಪಿ, ಅಷ್ಟರಲ್ಲಿ ಸತ್ತುಹೋದರೆ ಆ ಕರಾರು ಅವನೊಡನೆಯೇ ಮುಗಿಯಿತು. ವಾರಸುದಾರರ ಮೇಲೆ ಅದನ್ನು ಹೇರುವಂತಿಲ್ಲ. ಚಿತ್ರಗಾರನ ಮಗ ಕುಂಚ ಹಿಡಿಯಬೇಕಾಗಿಲ್ಲವಾದರೆ ಜೀತದಾಳಿನ ಮಗ ನೇಗಿಲು ಹಿಡಿಯಬೇಕೇಕೆ? ಮಕ್ಕಳ ದುಡಿಮೆಯನ್ನು ತಂದೆತಾಯಿಗಳು ಅಡವಿಡುವ ಒಪ್ಪಂದ ಊರ್ಜಿತವಲ್ಲವೆಂದು 1933ರಷ್ಟು ಹಿಂದೆಯೇ, ಪರದೇಶಿ ಸರ್ಕಾರವೇ, ಕಾಯಿದೆ ಮಾಡಿತ್ತು.

ಇದೆಲ್ಲಕ್ಕಿಂತ ಮೇಲಿನದು 1976ರ ಜೀತ ಪದ್ಧತಿ ರದ್ದತಿ ಕಾಯಿದೆ. 1975ರ ಅಕ್ಟೋಬರ್ 25ರಿಂದಲೇ ಅದು ಜಾರಿಗೆ ಬಂದಂತೆ. ತುರ್ತು ಪರಿಸ್ಥಿತಿಯ ಕಾಲ ಅದು. ಆ ದಿನಗಳಲ್ಲಿ ಸೆರೆಮನೆ ಕಂಡ ಸಮಾಜವಾದಿಗಳು ಅಂದಿನ ಸರ್ಕಾರದ ಬಗ್ಗೆ ಒಳ್ಳೆಯ ಮಾತಾಡಲು ಬಾಯಿ ಬಾರದು. ಆದರೂ ಕಾಯಿದೆ ಒಳ್ಳೆಯದು, ಒಳ್ಳೆಯದೆಂದೇ ಹೇಳಬೇಕು. ಆಗ ರಾಜ್ಯದ ಮುಖ್ಯಮಂತ್ರಿಯಾಗಿದ್ದವರು ಇದೇ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು. ಗೇಣಿದಾರನಿಗೆ ಭೂಮಿ ಕೊಡಿಸಿದವರೆಂದು ಅವರ ಪಟಕ್ಕೆ ಹಾರ ಹಾಕುವವರು ಜೀತದ ಕಾಯಿದೆ ಅವರ ತವರಿನಲ್ಲಿ ಎಷ್ಟು ನಡೆದಿದೆಯೆಂದು ಒಮ್ಮೆ ಕೇಳಿಕೊಂಡರೆ ಹಾರಕ್ಕೂ ಅರ್ಥ ಬಂದೀತು.

ಜೀತವೆಂದರೆ ಯುಗಾದಿಯಿಂದ ಯುಗಾದಿಗೆ ಗೌಡರ ಕೊಟ್ಟಿಗೆಯಲ್ಲಿ ಮಲಗುವುದು ಮಾತ್ರ ಎಂದು ಅನೇಕರು ತಿಳಿದಿದ್ದಾರೆ. ಕಾಯಿದೆಯ ಅರ್ಥ ಅಷ್ಟು ಕಿರಿದಲ್ಲ. ಮುಂಗಡದ ಕಾರಣದಿಂದ ಒಬ್ಬನು ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯಬೇಕಾದರೆ, ಅಥವಾ ಬೇರೆ ಕಡೆ ಕೆಲಸ ಹಿಡಿಯುವಂತಿಲ್ಲವಾದರೆ, ಅಥವಾ ಇಷ್ಟಬಂದಲ್ಲಿಗೆ ಹೋಗುವಂತಿಲ್ಲವಾದರೆ, ಅಥವಾ ತನ್ನ ದುಡಿಮೆಯನ್ನು ಪೇಟೆಯ ಬೆಲೆಗೆ ಮಾರುವಂತಿಲ್ಲವಾದರೆ ಅದು ಜೀತ. ನಾಲ್ಕೂ ಇರಬೇಕಾಗಿಲ್ಲ, ಒಂದಿದ್ದರೆ ಸಾಕು. ಗುತ್ತಿಗೆ ಕೂಲಿಗಳೂ ಹೊರರಾಜ್ಯಕ್ಕೆ ಹೋಗುವ ಕೂಲಿಗಳೂ ಇದೇ ಸ್ಥಿತಿಯಲ್ಲಿದ್ದರೆ ಇದರೊಳಗೇ ಬರುತ್ತಾರೆಂದು 1985ರ ತಿದ್ದುಪಡಿ ಬಿಡಿಸಿ ಹೇಳಿತು. ಅಂಥ ಸಾಲ ಅಲ್ಲಿಗೇ ಸತ್ತಿತು. ತೀರಿಸಬೇಕಾಗಿಲ್ಲ, ತೀರಿತೆಂದು ಒಡೆಯನು ಹಣ ತೆಗೆದುಕೊಂಡರೆ ಅವನಿಗೇ ಮೂರು ವರ್ಷದವರೆಗೆ ಸಜೆ. ಇದು ಜೀತದ ಸಾಲವಲ್ಲವೆಂದು ರುಜುವಾತು ಮಾಡುವ ಹೊಣೆ ಸಾಲ ಕೊಟ್ಟವನ ಮೇಲಿದೆ. 1982ರಲ್ಲಿ ದೆಹಲಿಯ ಏಷ್ಯಾಡ್ ಕಟ್ಟಡಗಳ ಕೂಲಿಕಾರರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇನ್ನೂ ಮುಂದಕ್ಕೆ ಹೋಯಿತು. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದೇ ಸಂವಿಧಾನದ 23ನೆಯ ವಿಧಿ ನಿಷೇಧಿಸಿದ ಬಲವಂತದ ದುಡಿಮೆ, ಹಸಿವಿನ ಒತ್ತಾಯವೂ ಒತ್ತಾಯವೇ ಎಂದು ನ್ಯಾಯಮೂರ್ತಿ ಭಗವತಿಯವರ ಪೀಠ ತೀರ್ಪಿತ್ತಿತು.

ಲೆಕ್ಕವನ್ನೇ ಹಾಕಿ ನೋಡೋಣ. ಒಬ್ಬನು 20,000 ರೂಪಾಯಿ ಮುಂಗಡ ಪಡೆದಿದ್ದಾನೆ. ಗೊತ್ತಾದ ಕನಿಷ್ಠ ಕೂಲಿಗಿಂತ ದಿನಕ್ಕೆ ನೂರು ರೂಪಾಯಿ ಕಡಿಮೆ ಕೊಟ್ಟು ಅವನನ್ನು 200 ದಿನ ದುಡಿಸಿದ್ದಾರೆ. ನೂರರಂತೆ 200 ದಿನಕ್ಕೆ 20,000. ಮೇಸ್ತ್ರಿಯ ಪುಸ್ತಕದಲ್ಲಿ ಇನ್ನೂ ಪೂರ್ತಿ ಬಾಕಿ ನಿಂತಿರುವ ಸಾಲ ನಿಜವಾದ ಲೆಕ್ಕದಲ್ಲಿ ಸಂದಾಯವಾಗಿ ಹೋಗಿದೆ. 201ನೆಯ ದಿನ ಕೆಲಸಕ್ಕೆ ಹೋದರೆ ಸಾಲಗಾರ ಯಾರು, ಧಣಿ ಯಾರು? ಇದನ್ನು ಹಾಡಿ ಹಾಡಿಗೂ ಹೋಗಿ ನೆಲದ ಮೇಲೆ ಕಡ್ಡಿಯಿಂದ ಗೀಚಿ ತೋರಿಸಬೇಕಾಗಿದೆ. ಅಕ್ಷರ ಬಾರದವರಿಗೂ ಈ ಲೆಕ್ಕ ಬರುತ್ತದೆ.

ಇಲ್ಲಿ ಒಂದು ಆಕ್ಷೇಪ ಎದ್ದೇ ಏಳುತ್ತದೆ. ಏಳಿಸುವವರು ನಮ್ಮ ಓದುಗರೇ. "ಸ್ವಾಮಿ, ನಾನು ಎರಡೆಕರೆ ರೈತ. ಒಂದು ಬ್ಯಾರನ್ ಇದೆ. ಸೊಪ್ಪು ತುಂಬಿ ಬೆಂಕಿ ಹಾಕಿದ ಮೇಲೆ ಆಳು ಕೈಕೊಟ್ಟರೆ ನನ್ನ ವರ್ಷದ ಬೆಳೆ ಹೋಯಿತು. ಮುಂಗಡಕ್ಕೆ ತಂದ ಹಣವೂ ನನಗೆ ಬಡ್ಡಿಗೆ ಬಂದದ್ದೇ. ನನಗಾವ ಕಾನೂನು?" ಈ ಮಾತನ್ನು ತಳ್ಳಿಹಾಕಲು ನಮಗೆ ಮನಸ್ಸಿಲ್ಲ. ನಮ್ಮ ಸಂಗಾತಿಗಳ ಮನೆಗಳಲ್ಲೂ ಮುಂಗಡದ ಆಳುಗಳಿದ್ದಾರೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ಈ ರೈತನಿಗೆ ನಷ್ಟವಾಗುವುದು ನಿಜ. ನ್ಯಾಯವಾದ ಕೂಲಿ ಕೊಟ್ಟು, ಹೋಗುವ ಬರುವ ಸ್ವಾತಂತ್ರ್ಯಕ್ಕೆ ಅಡ್ಡಬಾರದೆ ಇದ್ದವನಾದರೆ ಉಳಿದ ಹಣವನ್ನು ಕೇಳುವ ಹಕ್ಕು ಅವನಿಗಿದೆ. ಬೇಕಾದರೆ ಮೂರು ವರ್ಷದೊಳಗೆ ದಾವೆ ಹೂಡಲಿ. ಆದರೆ ಬಡ ಕೂಲಿಯವನ ಮೇಲೆ ಡಿಕ್ರಿ ತಂದು ವಸೂಲು ಮಾಡುವುದೇನನ್ನು? ಆದ್ದರಿಂದ ದೊಡ್ಡ ಮುಂಗಡವೇ ರೈತನಿಗೂ ಕುತ್ತು. ವಾರವಾರ ಕೂಲಿ ಕೈಗೆ ಕೊಟ್ಟರೆ, ಬ್ಯಾರನ್ನಿನ ರಾತ್ರಿ ಪಾಳಿಗೆ ಹೆಚ್ಚು ಕೊಟ್ಟರೆ ಆಳು ಬಿಟ್ಟುಹೋಗುವ ಕಾರಣ ಅರ್ಧ ಕಡಿಮೆಯಾಗುತ್ತದೆ. ಅಷ್ಟು ಕೊಡಲು ಸೊಪ್ಪಿನ ಬೆಲೆ ಎಲ್ಲಿದೆ ಎಂದು ಅವನು ಕೇಳಿದರೆ, ಅದು ಹರಾಜು ಕಟ್ಟೆಯಲ್ಲಿ ಕೇಳಬೇಕಾದ ಪ್ರಶ್ನೆ. ತಂಬಾಕು ಮಂಡಳಿಯ ಪರವಾನಗಿ ಪಡೆದು, ಗೊತ್ತುಮಾಡಿದಷ್ಟೇ ಬೆಳೆದು, ಬೇಲು ಹೊತ್ತು ಕಟ್ಟೆಗೆ ಹೋಗಿ, ಕೊಳ್ಳುವವರು ಕೂಗಿದ ಬೆಲೆಗೆ ತಲೆಬಾಗುವ ರೈತನಿಗೆ ಬೆಲೆ ಗೊತ್ತಿಲ್ಲದ ಕರಾರಿನಲ್ಲಿ ಸಿಕ್ಕಿಕೊಳ್ಳುವುದು ಎಂಥ ಹಿಂಸೆಯೆಂದು ಚೆನ್ನಾಗಿ ಗೊತ್ತು. ಕಂಪನಿಯ ಮೇಲಿನ ಸಿಟ್ಟನ್ನು ಸೊಪ್ಪು ಕಟ್ಟುವ ಹೆಂಗಸಿನ ಮೇಲೆ ತೀರಿಸಿಕೊಳ್ಳುವುದು ಮಾತ್ರ ಸರಿಯಲ್ಲ.

ಮುಂಗಡವಿಲ್ಲದ ತಕರಾರುಗಳೂ ಬಹಳ. ಹತ್ತು ಹೆಂಗಸರು ಎಕರೆ ಗುತ್ತಿಗೆಗೆ ನಾಟಿ ಹಿಡಿದರು. ಮುಕ್ಕಾಲು ಮುಗಿಯುವಷ್ಟರಲ್ಲಿ ನಾಲೆಯ ನೀರು ನಿಂತಿತು. "ಪೂರ್ತಿ ಆಗಲಿಲ್ಲ, ಕಾಸಿಲ್ಲ" ಎಂದ ಗದ್ದೆಯವನು. ಬರೆದ ಪತ್ರವಿಲ್ಲ, ಸಾಕ್ಷಿಯಿಲ್ಲವೆಂದು ಹೆಂಗಸರು ಸುಮ್ಮನಾಗುತ್ತಾರೆ. ಸುಮ್ಮನಾಗಬೇಕಾಗಿಲ್ಲ. ಪುಕ್ಕಟೆಯಾಗಿ ಮಾಡಿಕೊಡುವ ಉದ್ದೇಶವಿಲ್ಲದೆ ಮಾಡಿದ ಕೆಲಸದ ಲಾಭ ಉಂಡವನು ಅದಕ್ಕೆ ಬೆಲೆ ತೆರಬೇಕೆಂದು ಕರಾರು ಕಾಯಿದೆಯ 70ನೆಯ ಕಲಮು ಹೇಳುತ್ತದೆ. ಮುಕ್ಕಾಲು ಗದ್ದೆಯ ಪೈರು ಅವನದೇ ತಾನೆ? ಕೂಲಿಯ ವಿಚಾರಕ್ಕೆ 1948ರ ಕನಿಷ್ಠ ವೇತನ ಕಾಯಿದೆಯ ಜಾಗದಲ್ಲಿ 2019ರ ವೇತನ ಸಂಹಿತೆ ಬಂದಿದೆ. 2025ರ ನವೆಂಬರ್ 21ರಿಂದ ಅದು ಜಾರಿಯಲ್ಲಿದೆ. ಈ ಹೊಸ ಸಂಹಿತೆಗಳಲ್ಲಿ ಕಾರ್ಮಿಕರಿಗೆ ಅಹಿತವಾದದ್ದು ಬೇಕಾದಷ್ಟಿದೆ, ಅದನ್ನು ಬೇರೆಯಾಗಿ ಬರೆಯಬೇಕು. ಆದರೆ ಇದರಲ್ಲಿ ಹಿಡಿದುಕೊಳ್ಳತಕ್ಕ ಎರಡು ಅಂಶಗಳಿವೆ. ಕಡಿಮೆ ಕೊಟ್ಟ ಕೂಲಿಗೆ ಅರ್ಜಿ ಹಾಕಲು ಹಿಂದೆ ಇದ್ದದ್ದು ಆರು ತಿಂಗಳು. ಈಗ ಮೂರು ವರ್ಷ. ಕೂಲಿ ಸಂದಾಯವಾಗಿದೆಯೆಂದು ತೋರಿಸುವ ಹೊಣೆಯೂ ಕೊಡಬೇಕಾದವನದೇ. ಕಡಿಮೆ ಕೂಲಿಗೆ ತಾನೇ ಒಪ್ಪಿ ಹೆಬ್ಬೆಟ್ಟು ಒತ್ತಿದ್ದಾಳೆಂಬ ಕಾಗದಕ್ಕೆ ಅಲ್ಲಿ ಬೆಲೆಯಿಲ್ಲ.

ಈ ಕಾನೂನುಗಳನ್ನೆಲ್ಲ ಹಿಡಿದು ಕೂಲಿಯವನು ಹೋಗಬೇಕಾದದ್ದು ಎಲ್ಲಿಗೆ? ಜೀತದ ಕಾಯಿದೆ ಅದನ್ನೂ ಹೇಳಿದೆ. ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಗೆ ಹೊಣೆ ಕೊಟ್ಟಿದೆ. ಜಿಲ್ಲೆಗೊಂದು, ಉಪವಿಭಾಗಕ್ಕೊಂದು ಜಾಗೃತಿ ಸಮಿತಿ ಇರತಕ್ಕದ್ದೆಂದಿದೆ. ನಮ್ಮ ಈ ತಾಲ್ಲೂಕುಗಳೆಲ್ಲಕ್ಕೂ ಉಪವಿಭಾಗಾಧಿಕಾರಿಯ ಕಚೇರಿ ಹುಣಸೂರಿನಲ್ಲೇ ಇದೆ. ಆ ಸಮಿತಿಯಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ಮೂವರು, ಸಮಾಜಸೇವಕರು ಇಬ್ಬರು ಕುಳಿತುಕೊಳ್ಳಬೇಕು. ಯಾರು ಆ ಐವರು? ಅವರ ಹೆಸರುಗಳನ್ನು ತಾಲ್ಲೂಕು ಕಚೇರಿಗಳ ಬಾಗಿಲಿಗೆ, ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಲಿ. ಸಭೆ ಸೇರುವ ತಾರೀಖನ್ನು ಮೊದಲೇ ಸಾರಲಿ. ಕೋಟೆಯ ಹಾಡಿಯಿಂದ ಹುಣಸೂರಿಗೆ ಬಂದುಹೋಗಲು ಒಂದು ದಿನದ ಕೂಲಿ ಹೋಗುತ್ತದೆಯಾದ್ದರಿಂದ ಸಮಿತಿ ಆಗಾಗ್ಗೆ ಕೋಟೆ, ಸರಗೂರುಗಳಲ್ಲೇ ಕೂರಲಿ. ಬಿಡುಗಡೆ ಪತ್ರ ಕೈಗೆ ಬಂದವನಿಗೆ ಸರ್ಕಾರದ ನೆರವುಂಟು. 2016ರ ಕೇಂದ್ರ ಯೋಜನೆ ವಯಸ್ಕ ಗಂಡಸಿಗೆ 1 ಲಕ್ಷ, ಹೆಂಗಸರು ಮಕ್ಕಳಿಗೆ 2 ಲಕ್ಷ, ಅತಿ ದಾರುಣವಾದ ಪ್ರಕರಣಗಳಲ್ಲಿ 3 ಲಕ್ಷ ರೂಪಾಯಿ ಗೊತ್ತುಮಾಡಿತು. ಬಿಡುಗಡೆ ಪತ್ರವೇ ಸಿಗದಿದ್ದರೆ ಈ ಲಕ್ಷಗಳು ದೆಹಲಿಯಲ್ಲೇ ಉಳಿಯುತ್ತವೆ.

ಕಾಫಿ ಕೊಯ್ಲಿಗೆ ಲಾರಿ ಜೀಪುಗಳು ಹಾಡಿಗಳಿಗೆ ಬರುವ ಮುನ್ನ ನಮ್ಮ ಕಾರ್ಯಕರ್ತರು ಒಂದು ಕೆಲಸ ಮಾಡಬಹುದು. ಮುಂಗಡ ಪಡೆಯುವ ಪ್ರತಿ ಸಂಸಾರದ ಕೈಯಲ್ಲೂ ಎರಡು ಕಾಸಿನ ನೋಟು ಪುಸ್ತಕವೊಂದು ಇರಲಿ. ಪಡೆದ ಹಣ, ತಾರೀಖು, ಮೇಸ್ತ್ರಿಯ ಹೆಸರು, ತೋಟದ ಹೆಸರು, ದುಡಿದ ದಿನ, ಕೈಗೆ ಬಂದ ಕೂಲಿ, ಇಷ್ಟನ್ನು ಶಾಲೆಗೆ ಹೋಗುವ ಹುಡುಗಿಯೊಬ್ಬಳಿಂದ ಬರೆಯಿಸಿಡಲಿ. ಖಾಲಿ ಬಾಂಡ್ ಕಾಗದಕ್ಕೆ ಹೆಬ್ಬೆಟ್ಟು ಬೇಡ. ಆಧಾರ್ ಕಾರ್ಡು ಯಾರ ಕೈಗೂ ಬೇಡ. ಠಾಣೆಯಿಂದ ಕರೆ ಬಂದರೆ ಒಬ್ಬನೇ ಹೋಗುವುದು ಬೇಡ. ಪುಸ್ತಕ ಹಿಡಿದು ನಾಲ್ಕು ಜನ ಹೋಗಿ, ಅಲ್ಲಿಂದ ನೇರವಾಗಿ ಉಪವಿಭಾಗಾಧಿಕಾರಿಯ ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬರಲಿ.